ಯಾವುದಕ್ಕೆ ಬೇಕು?

ಅಂಗಡಿಗೆ ಬಂದವರನ್ನು ನಾನು ಮೊದಲು ಕೇಳುವುದು ಅದನ್ನೇ.
ನಲ್ಲಿ ಸೋರುತ್ತಾ, ಬಾಗಿಲು ಕಿರುಗುಟ್ಟುತ್ತಾ,
ಮೇಲಿನವರ ಬಚ್ಚಲು ಕೆಳಗಿನವರ ದೇವರ ಮೇಲೆ ತೊಟ್ಟಿಕ್ಕುತ್ತಾ?
ರೋಗ ಹೇಳಿದರೆ ತಾನೇ ವಾಷರ್ ಕೊಡೋದು.

ಜಬೀನ್ ರೋಗ ಹೇಳಲಿಲ್ಲ.
ಎಂಟನೇ ಕ್ಲಾಸಿನ ಯೂನಿಫಾರ್ಮು, ಸಂಜೆ ಐದೂಕಾಲು,
ಗಣಿತದ ನೋಟ್‌ಬುಕ್ಕಿನ ಕೊನೇ ಹಾಳೆ ಕೌಂಟರಿನ ಮೇಲಿಟ್ಟು
'ಆಂಟಿ, ಈ ಥರಾ ಕಾಣೋದು ಏನಾದ್ರೂ ಇದ್ಯಾ' ಅಂದಳು.
ಪೆನ್ಸಿಲ್ಲಿನ ಚಿತ್ರ, ಮಿಕ್ಸಿಯೂ ಅಲ್ಲ, ಶಂಖವೂ ಅಲ್ಲ.
ಒಂದು ಬಾಣದ ತುದಿಗೆ: ಇಲ್ಲಿ ಮಾತಾಡಬೇಕು.
ಇನ್ನೊಂದರ ತುದಿಗೆ: ಇಲ್ಲಿ ಅವರಿಗೆ ಅರ್ಥವಾಗುತ್ತದೆ.

ಅವರು ಅಂದರೆ?
'ಆಕಾಶದಿಂದ ಬಂದಿರೋರು. ಸ್ಕೂಲ್ ನಾಟಕ. ಶನಿವಾರ.'
ಕೈಯಲ್ಲಿ ಇನ್ನೂರ ಹತ್ತು ರೂಪಾಯಿ, ಅರ್ಧ ಚಿಲ್ಲರೆ.

ಇಪ್ಪತ್ತೆರಡು ವರ್ಷ ಈ ಕಾಮಾಕ್ಷಿಪಾಳ್ಯದಲ್ಲಿ
ಶ್ರೀ ಕಬ್ಬಾಳಮ್ಮ ಹಾರ್ಡ್‌ವೇರ್ಸ್ ಬೋರ್ಡಿನ ಕೆಳಗೆ
ಪೈಪನ್ನು ಅಳತೆ ನೋಡಿ ಕೊಟ್ಟವಳು ನಾನು.
ಮುಖ ನೋಡಿ ಕೊಟ್ಟಿದ್ದು ಅವತ್ತೇ ಮೊದಲು.

ಶವರಿನ ತಲೆ ಎತ್ತಿ ಹಿಡಿದಳು: 'ಇದು ಬಾಯಿ.'
ಮುಕ್ಕಾಲಿಂಚಿನ ಎಲ್ಬೋ: 'ಗಂಟಲು.'
ಗೇಟ್ ವಾಲ್ವಿನ ಕೆಂಪು ಚಕ್ರ ಸುಮ್ಮನೆ ತಿರುಗಿಸಿ, ತಿರುಗಿಸಿ
ಏನೂ ಹೇಳದೆ ಪಕ್ಕಕ್ಕಿಟ್ಟುಕೊಂಡಳು.
ಸಿಂಕಿನ ಜಾಲರಿ ಕೊಟ್ಟೆ. ಮುಖ ಸಿಂಡರಿಸಿದಳು:
'ಇದು ಸಿಂಕಿನ ಜಾಲರಿ ಥರಾನೇ ಇದೆ ಆಂಟಿ.'

ಅರ್ಧ ಇಂಚಿನ ಟೀ ಕೇಳಲು ಬಂದ ಪ್ಲಂಬರ್ ಏಳುಮಲೈ
ತಮಿಳಿನಲ್ಲಿ ನಕ್ಕು ಕನ್ನಡದಲ್ಲಿ ಬುದ್ಧಿ ಹೇಳಿದ:
'ಅಂಟು ಹಾಕ್ಬೇಡಮ್ಮ, ಟೇಪು ಸುತ್ತಿ ತಿರುಗ್ಸು.
ಎಲ್ರಿಗೂ ಆಮೇಲೆ ಬಿಚ್ಬೇಕು ಅನ್ಸತ್ತೆ.'
ಪೈಂಟರ್ ರಾಮಪ್ರವೇಶ್ ಯಾರದೋ ಗೇಟಿನಲ್ಲಿ ಮಿಕ್ಕ ಬೆಳ್ಳಿ ಬಣ್ಣ ತಂದ.
ಎರಡು ಬೆರಳೆತ್ತಿದ, ಎರಡು ಕೋಟು.
ಮಧ್ಯೆ ಒಣಗಬೇಕು ಅನ್ನೋದಕ್ಕೆ ಫೂ ಅಂತ ಊದಿದ.
ಅಷ್ಟರಲ್ಲಿ ಎಸ್.ಪಿ. ರೋಡಿನಿಂದ ಚಂಪಾಲಾಲ್ ಸೇಟು ಫೋನು, ಹಳೇ ಬಾಕಿ.
ನನ್ನ ಹಿಂದಿಯಲ್ಲಿ 'ಸೋಮ್‌ವಾರ್' ಒಂದೇ ಗಟ್ಟಿ,
ಅದನ್ನೇ ಮೂರು ಸಲ ಹೇಳಿ ಇಟ್ಟೆ.

'ಒಂದು ಸ್ವಿಚ್ಚು ಬೇಕು.'
ಒತ್ತಿದರೆ ಏನಾಗಬೇಕು?
'ಏನೂ ಆಗ್ಬಾರ್ದು. ಒತ್ತಿದ್ದು ಗೊತ್ತಾಗ್ಬೇಕು, ಅಷ್ಟೇ.'

ಕೆಲಸ ಮಾಡದ ಸ್ವಿಚ್ಚು ತಂದು ಕೌಂಟರಿಗೆ ಬಡಿದವರನ್ನು ನೋಡಿದ್ದೇನೆ,
ಬಲ್ಬು ಮಾರುವವರ ವಂಶವನ್ನೇ ಶಪಿಸಿದವರನ್ನು ನೋಡಿದ್ದೇನೆ.
ಬೇಕು ಅಂತ ಕೇಳಿದವಳು ಇವಳೊಬ್ಬಳು.
ಅಟ್ಟದ ಡಬ್ಬ ಇಳಿಸಿ ಸುರಿದೆ.
ಟಿಕ್. ಟುಕ್. ಟಪ್. ಇಬ್ಬರೂ ಕಿವಿಗಿಟ್ಟುಕೊಂಡು ಕೇಳಿದೆವು,
ಹಲಸಿನ ಹಣ್ಣು ತಟ್ಟಿ ನೋಡುವವರ ಹಾಗೆ.
ಕೊನೆಗೆ ಒಂದು ಕರೀ ಬೇಕಲೈಟಿನದು, ಮೂರು ಮನೆಗೆ ಕೇಳುವಂಥ ಟಕ್ಕು.
ಬಿಲ್ಲಿನಲ್ಲಿ ಏನಂತ ಬರೆಯಲಿ? ಬರೆಯಲಿಲ್ಲ.

ಶನಿವಾರ ಷಟರ್ ಅರ್ಧ ಎಳೆದು ಹೋದೆ.
ತಗಡಿನ ಶೀಟಿನ ಕೆಳಗೆ ವೇದಿಕೆ, ಪಕ್ಕದ ವರ್ಕ್‌ಶಾಪಿನಲ್ಲಿ ಲೇತು ಕೂಗುತ್ತಿತ್ತು.
ಫಾಯಿಲ್ ಸುತ್ತಿಕೊಂಡ ಹುಡುಗನೊಬ್ಬ ಬಂದು
ಕಿರ್ರ್ ಪಿಳ್ ಪಿಳ್ ಅಂದ. ಯಾರಿಗೂ ತಿಳಿಯಲಿಲ್ಲ.
ಜಬೀನ್ ಎರಡೂ ಕೈಯಲ್ಲಿ ಎತ್ತಿದಳು
(ಶವರ್ ಎಂಬತ್ತೈದು, ಎಲ್ಬೋ ಹದಿನೆಂಟು,
ಗೊತ್ತಿದ್ದೂ ನನ್ನ ಮೈ ಜುಮ್ಮೆಂದಿತು)
ಟಕ್.
ಪರದೆಯ ಹಿಂದಿನಿಂದ ಧ್ವನಿ ಬಂತು:
'ನಿಮ್ಮಲ್ಲಿ ನೀರು ಎಷ್ಟು ಗಂಟೆಗೆ ಬಿಡ್ತಾರೆ?'
ಇಡೀ ಬೀದಿ ಚಪ್ಪಾಳೆ ತಟ್ಟಿತು.

ಸೋಮವಾರ ಚೀಲದ ಸಮೇತ ಬಂದಳು.
ಎಲ್ಲ ಬಿಚ್ಚಿ, ತೊಳೆದು, ಒರೆಸಿ ಇಟ್ಟಿದ್ದಳು.
'ಕೆಲಸ ಆಯ್ತು ಆಂಟಿ, ವಾಪಸ್ ತಗೋತೀರಾ?'
ಬೆಳ್ಳಿ ಬಳಿದದ್ದನ್ನು ಯಾರು ಕೊಳ್ಳುತ್ತಾರೆ ಅನ್ನಬೇಕಿತ್ತು. ತೆಗೆದುಕೊಂಡೆ.
ಚೀಲದಲ್ಲಿ ಸ್ವಿಚ್ಚು ಇರಲಿಲ್ಲ.

ಎಲ್ಬೋ ಸ್ಟಾಕು ಮುಗಿದ ದಿನ ಏಳುಮಲೈ ಅದನ್ನೇ ಒಯ್ದ.
ಸುಂಕದಕಟ್ಟೆಯಲ್ಲಿ ಯಾರದೋ ಬಚ್ಚಲ ಗೋಡೆಯೊಳಗೆ,
ಟೈಲ್ಸಿನ ಹಿಂದೆ, ಬೆಳ್ಳಿಯ ಗಂಟಲು.
ಮನೆಯವರಿಗೆ ಗೊತ್ತಿಲ್ಲ.
ನೀರೇನೋ ಬರುತ್ತಿದೆಯಂತೆ, ದಿನ ಬಿಟ್ಟು ದಿನ.